ಹುಳುಕಡ್ಡಿ ಮತ್ತು ಹೋಮಿಯೋಪತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ, ಪತ್ರಗಳಲ್ಲಿ, ಕೊನೆಗೆ ಮದುವೆ ಊಟದ ಪಂಕ್ತಿಯಲ್ಲೂ ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಇಲ್ಲಿರುವುದು ಮಾಹಿತಿ, ಪ್ರಿಸ್ಕ್ರಿಪ್ಷನ್ ಅಲ್ಲ. ನಿಮ್ಮ ಚರ್ಮವನ್ನು ಕಣ್ಣಾರೆ ನೋಡಿದ ಡಾಕ್ಟರ್ ಹೇಳಿದ್ದೇ ಅಂತಿಮ.

## ಮೊದಮೊದಲ ಪ್ರಶ್ನೆಗಳು

ತೊಡೆಸಂದಿನಲ್ಲಿ ದುಂಡಗೆ ಕೆಂಪಾಗಿದೆ, ಸಂಜೆ ಆದ್ರೆ ನವೆ ತಡೆಯೋಕಾಗಲ್ಲ. ಇದು ಹುಳುಕಡ್ಡಿನೇ ಅಂತ ಹೇಗೆ ಗೊತ್ತಾಗುತ್ತೆ?

ಅಂಚು ನೋಡಿ. ಹುಳುಕಡ್ಡಿ ಫಂಗಸ್‌ನಿಂದ ಬರುವ ಚರ್ಮದ ಸೋಂಕು, ಅದರಲ್ಲಿ ಗಲಾಟೆಯೆಲ್ಲ ಅಂಚಿನಲ್ಲೇ. ಅಲ್ಲಿ ಚರ್ಮ ಸ್ವಲ್ಪ ಉಬ್ಬಿರುತ್ತದೆ, ಸಣ್ಣ ಸಣ್ಣ ಗುಳ್ಳೆ ಇರುತ್ತವೆ, ಹೊಟ್ಟಿನಂತೆ ಸಿಪ್ಪೆ ಏಳುತ್ತದೆ. ನಡುವಿನ ಭಾಗ ಮಾತ್ರ ವಾಸಿಯಾದಂತೆ ತಿಳಿಯಾಗಿ ಕಾಣುತ್ತದೆ. ಉಂಗುರ ದಿನದಿಂದ ದಿನಕ್ಕೆ ಹೊರಕ್ಕೆ ಹಿಗ್ಗುತ್ತದೆ.

ಆದರೆ ದುಂಡಗಿದ್ದದ್ದೆಲ್ಲ ಹುಳುಕಡ್ಡಿ ಅಲ್ಲ. ಎಕ್ಸಿಮಾ, ಸೋರಿಯಾಸಿಸ್ ಕೂಡ ದುಂಡಗೆ ಬರಬಹುದು. ಎದೆ, ಬೆನ್ನಿನ ಮೇಲೆ ಬರುವ ಚಿಬ್ಬು ಬೇರೆಯದೇ ಫಂಗಸ್‌ನಿಂದ ಆಗುವಂಥದ್ದು, ಅದರ ಔಷಧಿಯ ಲೆಕ್ಕವೂ ಬೇರೆ. ಮಚ್ಚೆ ಬಿಳಿಚಿಕೊಂಡಿದ್ದು, ಮುಟ್ಟಿದರೆ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಲೇಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯೂ ಆಗುತ್ತದೆ.

ಅನುಮಾನ ಇದ್ದರೆ ಕೆಓಎಚ್ ಪರೀಕ್ಷೆ ಕೇಳಿ. ಮೊಂಡು ಬ್ಲೇಡಿನಿಂದ ಅಂಚಿನ ಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲೆ ಕೆರೆದುಕೊಳ್ಳುತ್ತಾರೆ. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ. ಸ್ವಲ್ಪ ಹೊತ್ತಿಗೆ ಚರ್ಮದ ಕಣಗಳು ಕರಗಿ ತಿಳಿಯಾಗುತ್ತವೆ. ಫಂಗಸ್ ಇದ್ದರೆ ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಎಳೆಗಳು ಅಡ್ಡಡ್ಡ ಗೆರೆಯೊಂದಿಗೆ ಕಾಣುತ್ತವೆ. ನೋವಿಲ್ಲ, ದುಬಾರಿಯೂ ಅಲ್ಲ.

ನಾವು ದಿನಾ ಸ್ನಾನ ಮಾಡ್ತೀವಲ್ಲ, ಆದ್ರೂ ಯಾಕೆ ಬರುತ್ತೆ?

ಕೊಳಕಿಗಿಂತ ಈ ಫಂಗಸ್‌ಗೆ ಬೇಕಾದ್ದು ತೇವ. ಚರ್ಮದ ಮೇಲ್ಪದರ, ಕೂದಲು, ಉಗುರುಗಳಲ್ಲಿ ಇರುವ ಕೆರಾಟಿನ್ ಎಂಬ ಪ್ರೋಟೀನ್ ಇದರ ಆಹಾರ. ಬೆವರು ನಿಲ್ಲುವ ಸಂದಿ, ಬಿಗಿ ಜೀನ್ಸ್, ದಿನವಿಡೀ ಬೈಕು ಅಥವಾ ಆಟೋ ಸೀಟು, ಕರಾವಳಿಯ ಮಳೆಗಾಲದಲ್ಲಿ ಅರ್ಧ ಒಣಗಿದ ಒಳಉಡುಪು ಇವೆಲ್ಲ ಅದಕ್ಕೆ ಅನುಕೂಲ. ಒಂದೇ ಟವೆಲ್ಲನ್ನು ಮೂವರು ಬಳಸಿದರೆ ಮೂವರಿಗೂ ಹತ್ತುತ್ತದೆ. ಬೆಕ್ಕು, ನಾಯಿ, ಕರುಗಳಿಂದಲೂ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಗ ಹತ್ತುತ್ತದೆ, ನಿಧಾನ ಹೋಗುತ್ತದೆ.

ಉಡಿದಾರದ ಬಗ್ಗೆ ಒಂದು ಮಾತು. ಬೆವರು ಕುಡಿದು ಸದಾ ಒದ್ದೆ ಇರುವ ದಾರ ಸೊಂಟಕ್ಕೆ ಅಂಟಿಕೊಂಡಿದ್ದರೆ ಫಂಗಸ್ ಅಲ್ಲೇ ಮನೆ ಮಾಡಿಕೊಳ್ಳುತ್ತದೆ. ವಾಸಿಯಾಗುವ ತನಕವಾದರೂ ತೆಗೆದಿಡಿ. ಆಗುವುದೇ ಇಲ್ಲ ಅನ್ನುವವರು ಹೊಸದು ಕಟ್ಟಿಕೊಳ್ಳಿ.

ಹೋಮಿಯೋಪತಿಯಲ್ಲಿ ಇದಕ್ಕೆ ಏನು ಕೊಡ್ತಾರೆ?

ಇದೇ ಅಂತ ಒಂದು ಔಷಧಿ ಇಲ್ಲ. ಕಾಯಿಲೆಯ ಹೆಸರಿಗಿಂತ ರೋಗಿಯ ಸ್ವಭಾವ, ಲಕ್ಷಣ ನೋಡಿ ಔಷಧಿ ಆರಿಸುವುದು ಆ ಪದ್ಧತಿಯ ಕ್ರಮ. ಹಾಗಾಗಿ ನವೆ ಯಾವಾಗ ಜಾಸ್ತಿ, ಬಿಸಿನೀರು ಹಿತವಾ ತಣ್ಣೀರಾ, ಸಿಹಿ ಇಷ್ಟವಾ, ಸಿಟ್ಟು ಬೇಗ ಬರುತ್ತಾ ಅಂತೆಲ್ಲ ಕೇಳುತ್ತಾರೆ.

ಹುಳುಕಡ್ಡಿಯ ಮಾತು ಬಂದರೆ ಮೊದಲು ಕೇಳುವ ಹೆಸರು ಟೆಲ್ಯೂರಿಯಂ. ಒಂದರೊಳಗೊಂದು ಹೆಣೆದುಕೊಂಡ ಉಂಗುರಗಳು, ಬೆವರಿಗೆ ಬೆಳ್ಳುಳ್ಳಿ ವಾಸನೆ ಇದ್ದರೆ ಇದು ಎನ್ನುತ್ತಾರೆ. ಬಿಡಿ ಬಿಡಿಯಾಗಿ ಉಂಗುರ ಎದ್ದು ಪ್ರತಿ ವಸಂತಕ್ಕೆ ಮರುಕಳಿಸಿದರೆ ಸೆಪಿಯಾ. ಇದು ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಶಾಯಿಯಿಂದ ಬಂದದ್ದು. ಸಂದಿಯಲ್ಲಿ ಜೇನಿನಂಥ ಅಂಟು ಸೋರಿದರೆ ಗ್ರಾಫೈಟಿಸ್. ಹಾಸಿಗೆಯ ಬಿಸಿಗೆ ನವೆ ಹೆಚ್ಚಿದರೆ ಸಲ್ಫರ್. ಬ್ಯಾಸಿಲಿನಂ ಎಂಬುದೂ ಇದೆ. ಕ್ಷಯ ತಗುಲಿದ ಶ್ವಾಸಕೋಶದ ಅಂಶವನ್ನು ತೀರಾ ತೆಳುಮಾಡಿ ತಯಾರಿಸುವುದು ಅದು. ಲಂಡನ್ನಿನ ಹೋಮಿಯೋಪತಿ ಡಾಕ್ಟರ್ ಜೇಮ್ಸ್ ಕಾಂಪ್ಟನ್ ಬರ್ನೆಟ್ 19ನೇ ಶತಮಾನದ ಕೊನೆಯಲ್ಲಿ, ಹುಳುಕಡ್ಡಿ ಬರುವ ಮಕ್ಕಳ ಮೈಯಲ್ಲಿ ಕ್ಷಯದ ಗುಣ ಇರುತ್ತದೆ ಎಂದು ನಂಬಿ ಇದನ್ನು ಕೊಡುತ್ತಿದ್ದರು. ಆ ನಂಬಿಕೆಗೆ ಈಗ ಆಧಾರ ಉಳಿದಿಲ್ಲ, ಔಷಧಿ ಮಾತ್ರ ಪಟ್ಟಿಯಲ್ಲಿ ಉಳಿದಿದೆ.

ಸುತ್ತಿ ಬಳಸಿ ಬೇಡ. ಸಿಹಿ ಗುಳಿಗೆಯಿಂದ ಹುಳುಕಡ್ಡಿ ಹೋಗುತ್ತಾ, ಇಲ್ವಾ?

ಹೋಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ.

ಬಾಟಲಿಯ ಮೇಲೆ 30 ಎಂದು ಬರೆದಿರುತ್ತದಲ್ಲ, ಅದರ ಲೆಕ್ಕ ಇಷ್ಟು. ಒಂದು ಪಾಲು ಔಷಧಿಗೆ 99 ಪಾಲು ಆಲ್ಕೋಹಾಲ್ ಅಥವಾ ನೀರು ಸೇರಿಸಿ ಕುಲುಕುತ್ತಾರೆ. ಅದರಿಂದ ಒಂದು ಪಾಲು ತೆಗೆದು ಮತ್ತೆ 99 ಪಾಲಿಗೆ. ಹೀಗೆ 30 ಸಲ. 12ನೇ ಸಲ ದಾಟುವಷ್ಟರಲ್ಲಿ ಮೂಲ ವಸ್ತುವಿನ ಒಂದು ಕಣವೂ ಉಳಿದಿರುವ ಸಾಧ್ಯತೆ ಇಲ್ಲದಂತಾಗುತ್ತದೆ. 200 ಪೊಟೆನ್ಸಿ, ಅಂದರೆ 200 ಸಲ ಹೀಗೆ ತೆಳುಮಾಡಿದ್ದರ ಮಾತು ಬಿಡಿ. ಹೋಮಿಯೋಪತಿ ಹುಟ್ಟುಹಾಕಿದ ಜರ್ಮನಿಯ ಸ್ಯಾಮ್ಯುಯೆಲ್ ಹ್ಯಾನಿಮನ್ 1796ರಲ್ಲಿ ಸಮಕ್ಕೆ ಸಮವೇ ಮದ್ದು ಎಂಬ ತತ್ವ ಮಂಡಿಸಿದಾಗ ಫಂಗಸ್‌ನಿಂದ ಚರ್ಮರೋಗ ಬರುತ್ತದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2015ರಲ್ಲಿ ವರದಿ ಕೊಟ್ಟಿತು. ಹೋಮಿಯೋಪತಿ ಕೆಲಸ ಮಾಡುತ್ತದೆ ಎಂದು ನಂಬಬಹುದಾದ ಪುರಾವೆ ಯಾವ ಕಾಯಿಲೆಗೂ ಸಿಕ್ಕಿಲ್ಲ ಎಂಬುದು ಅದರ ತೀರ್ಮಾನ. ಹೋಮಿಯೋಪತಿಯವರು ಆ ವರದಿಯನ್ನು ಒಪ್ಪುವುದಿಲ್ಲ, ಅದರ ವಿಧಾನದ ಬಗ್ಗೆ ತಕರಾರು ಎತ್ತಿದ್ದಾರೆ. ನನಗೆ ವರದಿಯ ಮಾತೇ ಸರಿ ಅನ್ನಿಸುತ್ತದೆ.

ನಮ್ಮ ಭಾವನಿಗೆ ಹೋಮಿಯೋಪತಿ ತಗೊಂಡ ಮೇಲೆ ಪೂರ್ತಿ ಹೋಯ್ತು. ಹಾಗಾದ್ರೆ ಅದು ಸುಳ್ಳಾ?

ಭಾವ ಸುಳ್ಳು ಹೇಳುತ್ತಿಲ್ಲ. ಹೋಗಿದೆ. ಯಾವುದರಿಂದ ಹೋಯಿತು ಅನ್ನುವುದಷ್ಟೇ ಪ್ರಶ್ನೆ.

ಸಾಮಾನ್ಯವಾಗಿ ಹೀಗಾಗುತ್ತದೆ. ಬೇಸಿಗೆಯಲ್ಲೋ ಮಳೆಗಾಲದಲ್ಲೋ ಹುಳುಕಡ್ಡಿ ಏರುತ್ತದೆ. ಸಹಿಸಲಾಗದೆ ಹೊಸ ಡಾಕ್ಟರ ಬಳಿ ಹೋಗುತ್ತೀರಿ. ಅವರು ಹಚ್ಚುತ್ತಿದ್ದ ಟ್ಯೂಬ್ ನಿಲ್ಲಿಸಿ ಅನ್ನುತ್ತಾರೆ, ಹತ್ತಿಯ ಸಡಿಲ ಬಟ್ಟೆ ಹಾಕಿ ಅನ್ನುತ್ತಾರೆ. ತಿಂಗಳುಗಳು ಕಳೆಯುತ್ತವೆ, ಚಳಿಗಾಲ ಬರುತ್ತದೆ, ಬೆವರು ನಿಲ್ಲುತ್ತದೆ. ಚರ್ಮ ತಾನಾಗಿ ಪದರ ಉದುರಿಸುತ್ತಲೇ ಇರುತ್ತದೆ, ದೇಹದ ರೋಗನಿರೋಧಕ ಶಕ್ತಿಯೂ ಫಂಗಸ್ ಮೇಲೆ ಏರಿ ಹೋಗುತ್ತದೆ. ಕೆಲವರಿಗೆ ಅಷ್ಟಕ್ಕೇ ವಾಸಿಯಾಗುತ್ತದೆ. ಹೆಸರು ಗುಳಿಗೆಗೆ ಬರುತ್ತದೆ.

ಟ್ಯೂಬ್ ನಿಲ್ಲಿಸಿ ಎಂದ ಆ ಮಾತು ಇದೆಯಲ್ಲ, ಎಷ್ಟೋ ಜನರ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಕೆಲಸ ಮಾಡಿದ್ದು ಅದೇ. ಯಾಕೆ ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

## ಟ್ಯೂಬು, ಗುಳಿಗೆ, ಮುಲಾಮು

ಮೆಡಿಕಲ್‌ನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದ್ರೆ ಎರಡೇ ದಿನಕ್ಕೆ ಕಮ್ಮಿ, ಬಿಟ್ರೆ ಮತ್ತೆ ಶುರು. ಸಾಕಾಗಿದೆ, ಅದಕ್ಕೇ ಹೋಮಿಯೋಪತಿಗೆ ಹೋಗೋಣ ಅಂತ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೋಮಿಯೋಪತಿ ಕ್ಲಿನಿಕ್ಕಿಗೆ ಹುಳುಕಡ್ಡಿಯವರು ಸಾಲುಗಟ್ಟುವುದಕ್ಕೆ ಮುಖ್ಯ ಕಾರಣವೂ ಇದೇ ಅಂತ ನನ್ನ ಅಂದಾಜು.

ಆ ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್ ಇವುಗಳಲ್ಲಿ ಒಂದು ಹೆಸರು ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆ್ಯಂಟಿಬಯೋಟಿಕ್ ಸೇರಿಸಿ ಮೂರು ನಾಲ್ಕು ಔಷಧಿಗಳ ಮಿಶ್ರಣ ಮಾಡಿರುತ್ತಾರೆ. ಸ್ಟೀರಾಯ್ಡ್ ಕೆಂಪು, ನವೆ ಎರಡನ್ನೂ ಬೇಗ ಅಡಗಿಸುತ್ತದೆ. ಯಾಕೆಂದರೆ ಕೆಂಪು, ನವೆ ಬರುವುದು ಫಂಗಸ್ ವಿರುದ್ಧ ನಿಮ್ಮ ದೇಹ ಹೋರಾಡುವುದರಿಂದ. ಆ ಹೋರಾಟವೇ ನಿಂತರೆ ಫಂಗಸ್ ಆರಾಮಾಗಿ ಹಬ್ಬುತ್ತದೆ. ಕಳೆಯ ತಲೆ ಕತ್ತರಿಸಿ ಬುಡಕ್ಕೆ ಗೊಬ್ಬರ ಹಾಕಿದ ಹಾಗೆ.

ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಉಂಗುರದ ಆಕಾರವೇ ಕೆಡುತ್ತದೆ. ಒಂದರೊಳಗೆ ಎರಡು ಮೂರು ಉಂಗುರ ಏಳುತ್ತವೆ, ಅಂಚು ಮಸುಕಾಗುತ್ತದೆ, ಡಾಕ್ಟರಿಗೂ ಒಮ್ಮೆಗೆ ಗುರುತು ಸಿಗುವುದಿಲ್ಲ. ತೊಡೆಸಂದಿನ ತೆಳು ಚರ್ಮದಲ್ಲಿ ಹೆರಿಗೆಯಾದವರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಬೀಳುತ್ತವೆ. ಹುಳುಕಡ್ಡಿ ಹೋದರೂ ಆ ಗೆರೆ ಹೋಗುವುದಿಲ್ಲ. ಹದಿನೆಂಟು ಇಪ್ಪತ್ತರ ಹುಡುಗರು ಇದನ್ನು ತೋರಿಸಲು ನಾಚಿಕೊಂಡು ಇನ್ನಷ್ಟು ಟ್ಯೂಬ್ ತರುತ್ತಾರೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ‘ತುರಿಕೆಗೆ ಏನಾದ್ರೂ ಕೊಡಿ’ ಅಂದರೆ ಕೌಂಟರಿನ ಮೇಲೆ ಟ್ಯೂಬ್ ಬಂದು ಬೀಳುತ್ತದೆ.

ಹಾಗಾಗಿ ನಿಮಗೆ ಸಾಕಾಗಿರುವುದು ಸರಿಯೇ. ಆದರೆ ನಿಮ್ಮನ್ನು ಸತಾಯಿಸಿದ್ದು ಫಂಗಸ್ ಔಷಧಿ ಅಲ್ಲ, ಸ್ಟೀರಾಯ್ಡ್. ಬರೀ ಫಂಗಸ್‌ಗೆ ಅಂತಲೇ ಇರುವ ಕ್ಲೋಟ್ರಿಮಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್ ಮುಲಾಮನ್ನು ಸರಿಯಾದಷ್ಟು ದಿನ ನೀವು ಇನ್ನೂ ಹಚ್ಚಿಯೇ ಇಲ್ಲದಿರಬಹುದು.

ಗುಳಿಗೆ ಶುರು ಮಾಡಿದ ಮೇಲೆ ಮೈಯೆಲ್ಲಾ ಎದ್ದಿದೆ. ‘ರೋಗ ಹೊರಗೆ ಬರ್ತಿದೆ, ಒಳ್ಳೇದು’ ಅಂದ್ರು. ನಿಜನಾ?

ಹೋಮಿಯೋಪತಿಯಲ್ಲಿ ಇಂಥ ಏರಿಕೆಯನ್ನು ಔಷಧಿ ನಾಟಿದ ಗುರುತು ಎಂದು ನೋಡುತ್ತಾರೆ. ಹುಳುಕಡ್ಡಿಯ ಮಟ್ಟಿಗೆ ಇದನ್ನು ನಂಬಬೇಡಿ. ಟ್ಯೂಬ್ ಬಿಟ್ಟ ಕೆಲವೇ ದಿನಕ್ಕೆ ಹೀಗಾದರೆ ಸ್ಟೀರಾಯ್ಡ್ ನಿಂತದ್ದಕ್ಕೆ ಚರ್ಮ ಕೆರಳಿದೆ ಅಂತ ಅರ್ಥ. ಅಷ್ಟು ದಿನ ಮುಚ್ಚಿಟ್ಟದ್ದು ಈಗ ಕಾಣುತ್ತಿದೆ. ಹೊಸ ಹೊಸ ಜಾಗದಲ್ಲಿ ಉಂಗುರ ಏಳುತ್ತಿದ್ದರೆ ಫಂಗಸ್ ಹಬ್ಬುತ್ತಿದೆ ಅಂತ ಅರ್ಥ. ಎರಡಕ್ಕೂ ಕಾದು ಕೂರುವುದು ಪರಿಹಾರವಲ್ಲ. ಕೀವು, ಜ್ವರ, ಊತ ಇದ್ದರೆ ಅವತ್ತೇ ಡಾಕ್ಟರ ಬಳಿ ಹೋಗಿ.

ಹೊರಗಿಂದ ಮುಲಾಮು ಹಚ್ಚಿ ಅದುಮಿದ್ರೆ ರೋಗ ಒಳಗೆ ಹೋಗಿ ಅಸ್ತಮಾ ಆಗುತ್ತಂತೆ ಹೌದಾ?

ಇಲ್ಲ. ಈ ಭಯ ಹ್ಯಾನಿಮನ್ ಕಾಲದ್ದು. ಚರ್ಮದ ತುರಿಕೆಯನ್ನು ಅದುಮಿದರೆ ಅದು ಒಳಗಿನ ದೀರ್ಘ ಕಾಯಿಲೆಯಾಗುತ್ತದೆ ಎಂದು ಅವರು ನಂಬಿದ್ದರು, ಅದಕ್ಕೆ ಸೋರಾ ಎಂದು ಹೆಸರಿಟ್ಟಿದ್ದರು. ಹುಳುಕಡ್ಡಿಯ ಫಂಗಸ್ ಬದುಕುವುದು ಚರ್ಮದ ಸತ್ತ ಮೇಲ್ಪದರದಲ್ಲಿ. ಆರೋಗ್ಯವಂತರಲ್ಲಿ ಅದು ಒಳಕ್ಕೆ ಇಳಿಯುವುದಿಲ್ಲ, ಶ್ವಾಸಕೋಶಕ್ಕಂತೂ ದಾರಿಯೇ ಇಲ್ಲ. ಕೆಲವು ಮಕ್ಕಳಿಗೆ ಎಕ್ಸಿಮಾ, ಆಮೇಲೆ ಅಸ್ತಮಾ ಬರುವುದು ಉಂಟು. ಅದು ಅಲರ್ಜಿಯ ಮೈಗುಣದಿಂದ, ಮುಲಾಮಿನಿಂದಲ್ಲ.

ಎರಡೂ ಒಟ್ಟಿಗೆ ತಗೋಬಹುದಾ?

30, 200 ಪೊಟೆನ್ಸಿಯ ಸಕ್ಕರೆ ಗುಳಿಗೆಗಳು ಫಂಗಸ್ ಮಾತ್ರೆಗಳ ಜೊತೆ ಜಗಳ ಆಡುವುದಿಲ್ಲ, ಆಡಲು ಅದರಲ್ಲಿ ಏನೂ ಇರುವುದಿಲ್ಲ. ಮನಸ್ಸಿಗೆ ಸಮಾಧಾನ ಆಗುವುದಾದರೆ ತಗೊಳ್ಳಿ. ಫಂಗಸ್ ಔಷಧಿ ಮಾತ್ರ ನಿಲ್ಲಿಸಬೇಡಿ. ಮದರ್ ಟಿಂಕ್ಚರ್ (ತೆಳುಮಾಡುವ ಮೊದಲಿನ ಮೂಲ ದ್ರಾವಣ) ಮತ್ತು 3ಎಕ್ಸ್, 6ಎಕ್ಸ್ ಥರದ ಕಡಿಮೆ ಪೊಟೆನ್ಸಿಗಳ ಕಥೆ ಬೇರೆ. ಅವುಗಳಲ್ಲಿ ನಿಜವಾದ ವಸ್ತು ಇರುತ್ತದೆ, ಟಿಂಕ್ಚರಿನಲ್ಲಿ ಆಲ್ಕೋಹಾಲ್ ಕೂಡ ಇರುತ್ತದೆ. ತಗೊಳ್ಳುತ್ತಿದ್ದರೆ ಚರ್ಮದ ಡಾಕ್ಟರಿಗೆ ಹೇಳಿ. ಕಾಫಿ, ಈರುಳ್ಳಿ, ಬೆಳ್ಳುಳ್ಳಿಯ ಪಥ್ಯ ಹುಳುಕಡ್ಡಿಗೆ ಬೇಕಿಲ್ಲ.

ಹೋಮಿಯೋಪತಿ ಅಂಗಡಿಯಲ್ಲಿ ಕ್ರೈಸರೋಬಿನಂ ಮುಲಾಮು ಕೊಟ್ರು. ಹೋಮಿಯೋಪತಿ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?

ಇರುತ್ತದೆ. ಇದರ ಹಿಂದೆ ಒಳ್ಳೇ ಕಥೆಯೊಂದಿದೆ. ಬ್ರೆಜಿಲಿನ ಒಂದು ಮರದ ಕಾಂಡದೊಳಗೆ ಸಿಗುವ ಹಳದಿ ಪುಡಿಯನ್ನು ಪೋರ್ಚುಗೀಸರು ಗೋವಾಕ್ಕೆ ತಂದರು. ಇಲ್ಲಿ ಅದು ಹುಳುಕಡ್ಡಿಗೆ ಹೆಸರಾಗಿ, ಜಗತ್ತಿಗೆ ಗೋವಾ ಪೌಡರ್ ಎಂದೇ ಪರಿಚಯವಾಯಿತು. ಅದರ ಸಾರವೇ ಕ್ರೈಸರೋಬಿನ್. ಸೋರಿಯಾಸಿಸ್‌ಗೆ ಡಾಕ್ಟರುಗಳು ಹಚ್ಚಿಸುವ ಡಿಥ್ರನಾಲ್ ಹುಟ್ಟಿದ್ದೂ ಇದರ ಬೆನ್ನಲ್ಲೇ.

ಅಂದರೆ ಮುಲಾಮಿನ ರೂಪದಲ್ಲಿ ಇದು ಸಕ್ಕರೆ ಗುಳಿಗೆಯಂತೆ ಖಾಲಿ ಅಲ್ಲ, ಖಾರದ ವಸ್ತು. ಚರ್ಮ ಉರಿಯುತ್ತದೆ, ಕಂದು ಕಲೆ ಬೀಳುತ್ತದೆ, ಬಟ್ಟೆಗೂ ಹತ್ತುತ್ತದೆ. ಮುಖಕ್ಕೆ, ತೊಡೆಸಂದಿಗೆ ಹಚ್ಚಲೇಬೇಡಿ, ಕಣ್ಣಿಗೆ ತಾಗಬಾರದು. ಸುರಕ್ಷಿತ ಮುಲಾಮುಗಳು ಸಿಗುವ ಈ ಕಾಲದಲ್ಲಿ ಇದರ ಸಹವಾಸ ಯಾಕೆ?

## ಸ್ವಲ್ಪ ಆಳದವು

ಇಂಗ್ಲಿಷ್ ಮಾತ್ರೆ ಲಿವರ್ ಹಾಳು ಮಾಡುತ್ತಂತಲ್ಲ?

ಬಹುತೇಕ ಜನರಿಗೆ ಮಾಡುವುದಿಲ್ಲ. ಟರ್ಬಿನಾಫಿನ್, ಇಟ್ರಾಕೊನಜೋಲ್ ಎರಡರಿಂದಲೂ ಅಪರೂಪಕ್ಕೆ ಲಿವರಿಗೆ ತೊಂದರೆ ಆಗಬಹುದು. ಹಾಗಾಗಿ ಮೊದಲೇ ಲಿವರ್ ಕಾಯಿಲೆ, ಕುಡಿತ ಇದ್ದವರಿಗೆ ರಕ್ತಪರೀಕ್ಷೆ ಮಾಡಿಸಿ ಕೊಡುತ್ತಾರೆ. ಇಟ್ರಾಕೊನಜೋಲ್ ಹೃದಯ ದುರ್ಬಲ ಇದ್ದವರಿಗೆ ಆಗಿಬರುವುದಿಲ್ಲ. ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆ ಅಪಾಯಕಾರಿಯೂ ಹೌದು. ನೀವು ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಊಟ ಸೇರದಿರುವುದು ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ಒಂದೆರಡು ಉಂಗುರ ಮಾತ್ರ ಇದ್ದರೆ ಎಷ್ಟೋ ಸಲ ಮಾತ್ರೆಯೇ ಬೇಡ, ಮುಲಾಮು ಸಾಕು. ಅಂಚಿನಿಂದ ಎರಡು ಬೆರಳಗಲ ಆಚೆಯವರೆಗೂ ಹಚ್ಚಿ. ಕಣ್ಣಿಗೆ ಕಾಣುವುದು ಹೋದ ಮೇಲೂ ಎರಡು ವಾರ ಮುಂದುವರಿಸಿ.

ಮಾತ್ರೆ, ಮುಲಾಮು ಎರಡೂ ಮಾಡಿದೆ, ಆದ್ರೂ ಹೋಗ್ತಿಲ್ಲ. ಇನ್ನು ಹೋಮಿಯೋಪತಿ ಬಿಟ್ರೆ ದಾರಿ ಇಲ್ಲ ಅಲ್ವಾ?

ದಾರಿ ಇದೆ. ಮೊದಲು ಪ್ರಾಮಾಣಿಕವಾಗಿ ನೋಡಿ: ಪೂರ್ತಿ ಕೋರ್ಸ್ ಮಾಡಿದ್ದೀರಾ? ನಮ್ಮ ದೇಶದಲ್ಲಿ ಈಗ ಕಾಣುವ ಹುಳುಕಡ್ಡಿಗೆ ನಾಲ್ಕು ವಾರ, ಎಷ್ಟೋ ಸಲ ಆರೆಂಟು ವಾರ ಮಾತ್ರೆ ಬೇಕಾಗುತ್ತದೆ. ನವೆ ನಿಂತಿತು ಅಂತ ಹತ್ತು ದಿನಕ್ಕೆ ಬಿಟ್ಟವರೇ ಜಾಸ್ತಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದು ಅವರು ಔಷಧಿ ಮಾಡದಿದ್ದರೆ ನಿಮಗೆ ಮತ್ತೆ ಹತ್ತುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಹೋಗದಿದ್ದರೆ ಫಂಗಸ್ ಔಷಧಿಗೆ ಬಗ್ಗದ ಜಾತಿಯದಿರಬಹುದು. ಭಾರತ, ನೇಪಾಳದ ರೋಗಿಗಳಲ್ಲಿ ಸಿಕ್ಕ ಇಂಥ ಒಂದಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಫಂಗಸ್‌ನ ಒಂದು ಕಿಣ್ವಕ್ಕೆ ಅಂಟಿಕೊಂಡು ಅದರ ಕೋಶದ ಹೊದಿಕೆ ಬೆಳೆಯದಂತೆ ತಡೆಯುತ್ತದೆ. ಈ ಜಾತಿಯ ಹಲವು ತಳಿಗಳಲ್ಲಿ ಆ ಕಿಣ್ವದ ಜೀನ್ ಬದಲಾಗಿದೆ, ಔಷಧಿ ಅಂಟುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಇದು ಪತ್ತೆಯಾಯಿತು. ಅಳತೆ ಮೀರಿದ ಸ್ಟೀರಾಯ್ಡ್ ಟ್ಯೂಬುಗಳು, ಅರೆಬರೆ ಕೋರ್ಸುಗಳು ಇದಕ್ಕೆ ಹಾದಿ ಮಾಡಿಕೊಟ್ಟವು ಎಂದು ಚರ್ಮದ ಡಾಕ್ಟರುಗಳು ಹೇಳುತ್ತಾರೆ. ಇದಕ್ಕೆ ಔಷಧಿ ಬದಲಿಸಬೇಕು. ಸಾಮಾನ್ಯವಾಗಿ ಇಟ್ರಾಕೊನಜೋಲ್ ಕೊಡುತ್ತಾರೆ. ಅನುಕೂಲ ಇರುವ ಕಡೆ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವ ಪರೀಕ್ಷೆ ಮಾಡಿಸುತ್ತಾರೆ.

ಮಗುವಿನ ತಲೆಯಲ್ಲಿ ರೂಪಾಯಿ ಬಿಲ್ಲೆಯಷ್ಟು ಕೂದಲು ಉದುರಿದೆ. ಮಕ್ಕಳಿಗೆ ಹೋಮಿಯೋಪತಿನೇ ಒಳ್ಳೇದು ಅಂತಾರೆ ನಮ್ಮತ್ತೆ.

ಅತ್ತೆಯವರ ಕಾಳಜಿ ಒಪ್ಪಿಕೊಳ್ಳಿ, ಮಗುವನ್ನು ಚರ್ಮದ ಡಾಕ್ಟರಿಗೆ ತೋರಿಸಿ. ತಲೆಯ ಹುಳುಕಡ್ಡಿಯಲ್ಲಿ ಫಂಗಸ್ ಕೂದಲಿನ ಬುಡಕ್ಕೆ ಇಳಿದಿರುತ್ತದೆ. ಅಲ್ಲಿಗೆ ಮುಲಾಮೂ ತಲುಪುವುದಿಲ್ಲ. ಗ್ರಿಸಿಯೋಫುಲ್ವಿನ್ ಅಥವಾ ಟರ್ಬಿನಾಫಿನ್ ಅನ್ನು ತೂಕ ನೋಡಿ ಹೊಟ್ಟೆಗೆ ಕೊಡಲೇಬೇಕು. ಬಿಟ್ಟರೆ ಕೆಲವು ಮಕ್ಕಳಲ್ಲಿ ಕೀವು ತುಂಬಿದ ಮೆತ್ತನೆ ಗಡ್ಡೆ ಏಳುತ್ತದೆ. ಅದು ಆರಿದ ಜಾಗದಲ್ಲಿ ಕಲೆ ಉಳಿದು ಕೂದಲು ಮತ್ತೆ ಬರದಿರಬಹುದು. ಈ ಇಡೀ ಪುಟದಲ್ಲಿ ಕಾದು ನೋಡೋಣ ಅನ್ನಲೇಬಾರದ ಜಾಗ ಇದು.

ಉಗುರು ಹಳದಿಯಾಗಿ ದಪ್ಪ ಆಗಿದೆ. ಇದಕ್ಕಾದ್ರೂ ಗುಳಿಗೆ ಆಗುತ್ತಾ?

ಆಗುವುದಿಲ್ಲ. ಟರ್ಬಿನಾಫಿನ್ ಆದರೆ ಕೈ ಉಗುರಿಗೆ ಸುಮಾರು 6 ವಾರ, ಕಾಲಿಗೆ 12 ವಾರ. ಮಾತ್ರೆ ಮುಗಿದ ಮೇಲೂ ಉಗುರು ಹಳೆಯದಾಗೇ ಕಾಣುತ್ತದೆ. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ವರ್ಷ, ಒಂದೂವರೆ ವರ್ಷ ಬೇಕು.

ನಾನು ಗರ್ಭಿಣಿ. ಮಾತ್ರೆ ಬೇಡ ಅಂದ್ರು. ಹೋಮಿಯೋಪತಿ ತಗೊಳ್ಳಲಾ?

ಮಾತ್ರೆ ಬೇಡ ಎಂದದ್ದು ಸರಿ. ಆದರೆ ಕ್ಲೋಟ್ರಿಮಜೋಲ್ ಮುಲಾಮನ್ನು ಗರ್ಭಿಣಿಯರಿಗೂ ಕೊಡುತ್ತಾರೆ, ಅದನ್ನು ಕೇಳಿ. ಆಲ್ಕೋಹಾಲ್ ಇರುವ ಟಿಂಕ್ಚರ್ ಹನಿಗಳು ಬೇಡ.

ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ ಶುರುವಾಗಿದ್ದೇ ಹೋಮಿಯೋಪತಿಯಿಂದ ಅಲ್ವಾ? ಅಷ್ಟು ದೊಡ್ಡ ಸಂಸ್ಥೆ ಸುಮ್ನೆ ಬೆಳೀತಾ?

ಹೌದು, ಅಲ್ಲಿಂದಲೇ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅವರ ಸೇವೆ ದೊಡ್ಡದು. ಆಗಿನ ಅಲೋಪತಿಯ ಬಳಿಯೂ ಹುಳುಕಡ್ಡಿಗೆ ಹೇಳಿಕೊಳ್ಳುವಂಥ ಮದ್ದು ಇರಲಿಲ್ಲ ಅನ್ನುವುದನ್ನು ನೆನಪಿಡಿ. ಫಂಗಸ್ ಕೊಲ್ಲುವ ಮಾತ್ರೆ ಬಂದದ್ದು 1950ರ ದಶಕದ ಕೊನೆಗೆ. ಇವತ್ತು ಅದೇ ಸಂಸ್ಥೆ ಹೋಮಿಯೋಪತಿ ಕಾಲೇಜನ್ನೂ ನಡೆಸುತ್ತದೆ, ಎಂಬಿಬಿಎಸ್ ಓದಿಸುವ ಮೆಡಿಕಲ್ ಕಾಲೇಜನ್ನೂ ನಡೆಸುತ್ತದೆ.

ಏನೇ ಹೇಳಿ, ನನಗೆ ಹೋಮಿಯೋಪತಿ ಡಾಕ್ಟರ ಮೇಲೇ ನಂಬಿಕೆ. ಏನು ನೋಡ್ಕೋಬೇಕು?

ಬಿಎಚ್‌ಎಂಎಸ್ (ಹೋಮಿಯೋಪತಿ ಪದವಿ) ಓದಿ ನೋಂದಣಿ ಆದವರೇ ಅಂತ ಖಚಿತ ಮಾಡಿಕೊಳ್ಳಿ. ಐದೂವರೆ ವರ್ಷದ ಓದು ಅದು, ರೋಗ ಗುರುತಿಸುವುದನ್ನೂ ಕಲಿಸುತ್ತಾರೆ. ಶುರುವಿಗೆ ಮುಂಚೆ ಕೆಓಎಚ್ ಪರೀಕ್ಷೆ ಮಾಡಿಸಿ ಎನ್ನಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಕೊಡುವ ಔಷಧಿಯ ಹೆಸರು, ಪೊಟೆನ್ಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಸರಿಲ್ಲದ ಡಬ್ಬಿಯಲ್ಲಿ ಬಿಳಿ ಮುಲಾಮು ಕೊಟ್ಟು, ಅದು ಎರಡೇ ದಿನಕ್ಕೆ ನವೆ ಇಳಿಸಿದರೆ ಖುಷಿಪಡಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಮೊದಲು ಅನುಮಾನಪಡಿ.

ಗೆರೆಯೊಂದು ಎಳೆದುಕೊಳ್ಳಿ. ಉಂಗುರದ ಅಂಚಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಫೋನಿನಲ್ಲಿ ಫೋಟೋ ತೆಗೆದಿಡಿ. ಎರಡು ವಾರದಲ್ಲಿ ಉಂಗುರ ಆ ಗೆರೆ ದಾಟಿದ್ದರೆ ಅಥವಾ ಹೊಸದು ಎದ್ದಿದ್ದರೆ ಚರ್ಮದ ಡಾಕ್ಟರ ಬಳಿ ಹೋಗಿ. ತಲೆ, ಮುಖ, ಉಗುರಿನಲ್ಲಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಆ ಎರಡು ವಾರವೂ ಬೇಡ.

ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರ್ತಾ ಇದೆ. ಬಟ್ಟೆಬರೆ ಹೇಗೆ?

ಇದ್ದವರೆಲ್ಲ ಒಟ್ಟಿಗೇ ಔಷಧಿ ಮಾಡಿ. ಟವೆಲ್, ಒಳಉಡುಪು, ಹಾಸಿಗೆ ಹೊದಿಕೆ ಪ್ರತ್ಯೇಕ ಇಡಿ, 60 ಡಿಗ್ರಿಯಷ್ಟು ಬಿಸಿನೀರಲ್ಲಿ ಒಗೆಯಿರಿ. ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹರವಿ. ಬಿಸಿಲಿಲ್ಲದ ಮಳೆಗಾಲದಲ್ಲಿ ಹೊಲಿಗೆಯ ಮೇಲೆ, ಸೊಂಟದ ಪಟ್ಟಿಯ ಮೇಲೆ ಚೆನ್ನಾಗಿ ಇಸ್ತ್ರಿ ಒತ್ತಿ. ಸ್ನಾನದ ನಂತರ ಸಂದಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಬಟ್ಟೆ ಹಾಕಿ. ಡೆಟ್ಟಾಲ್ ಸುರಿದುಕೊಳ್ಳುವುದು, ನಿಂಬೆಹಣ್ಣು, ಬೆಳ್ಳುಳ್ಳಿ ಉಜ್ಜುವುದು ಬೇಡ. ಚರ್ಮ ಸುಟ್ಟು ಇನ್ನೊಂದು ಗಾಯವಾಗುತ್ತದೆ. ಬೆಕ್ಕಿನ ಮೈಮೇಲೆ ಕೂದಲು ಉದುರಿದ ತೇಪೆ ಕಂಡರೆ ಅದನ್ನೂ ಪಶುವೈದ್ಯರಿಗೆ ತೋರಿಸಿ.